ಮನಸ್ಸು ಓದುವ ಯಂತ್ರ ಯಾವುದೂ ಇಲ್ಲ

2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ನೋಲಂಡ್ ಆರ್ಬಾ ಎಂಬ ಅಮೆರಿಕದ ಯುವಕನ ಮಿದುಳಿಗೆ ಚಿಪ್ ಕೂರಿಸಿತು. ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಆತ ಕೈ ಅಲ್ಲಾಡಿಸದೆ ಕಂಪ್ಯೂಟರಿನಲ್ಲಿ ಚೆಸ್ ಆಡಿದ್ದನ್ನು ಜಗತ್ತೆಲ್ಲ ನೋಡಿತು. ಅಂದಿನಿಂದ ಈ ವಿದ್ಯೆಯ ಬಗ್ಗೆ ನಮ್ಮ ಕಡೆ ಎರಡು ಮಾತು ಬೇರೂರಿವೆ. ಟೀವಿಯವರು ಹೇಳುವುದೂ ಅದೇ, ಬೀರೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ಮೊಬೈಲ್ ನೋಡುವವರು ಹೇಳುವುದೂ ಅದೇ. ಒಂದು, ಇನ್ನು ಮುಂದೆ ಯಂತ್ರ ಮನುಷ್ಯನ ಮನಸ್ಸನ್ನು ಓದಿಬಿಡುತ್ತದೆ. ಇನ್ನೊಂದು, ಅದು ದುಡ್ಡಿದ್ದವರ ಪಾಲಿನದು. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಎರಡೂ ತಪ್ಪು ಎಂಬುದು ನನ್ನ ವಾದ. ಒಂದರಲ್ಲಿ ಭಯವಿದೆ, ಇನ್ನೊಂದರಲ್ಲಿ ಉದಾಸೀನವಿದೆ. ಆದರೆ ಬೇರು ಒಂದೇ. ಎಲ್ಲ ಕೆಲಸವನ್ನೂ ಯಂತ್ರವೇ ಮಾಡುತ್ತದೆ, ತಲೆಗೆ ತಂತಿ ಹಚ್ಚಿಸಿಕೊಂಡವನು ಸುಮ್ಮನೆ ಮಲಗಿದ್ದರೆ ಸಾಕು ಎಂಬ ನಂಬಿಕೆ ಅದು. ಬ್ರೈನ್-ಕಂಪ್ಯೂಟರ್ ಇಂಟರ್‌ಫೇಸ್, ಚಿಕ್ಕದಾಗಿ ಬಿಸಿಐ, ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಮನಸ್ಸು ಓದುವ ಆಸೆ ಈ ವಿದ್ಯೆಯ ಹುಟ್ಟಿನಲ್ಲೇ ಇತ್ತು, ನಿಜ. ಜರ್ಮನಿಯ ಯೇನಾ ಊರಿನ ವೈದ್ಯ ಹಾನ್ಸ್ ಬರ್ಗರ್ ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಸುದ್ದಿ ಹೋಗುತ್ತದೆ ಎಂದು ನಂಬಿದ್ದವನು. ಆ ಶಕ್ತಿಯನ್ನು ಹುಡುಕುತ್ತಲೇ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಸಲ ದಾಖಲಿಸಿದ. 1929ರಲ್ಲಿ ಅದನ್ನು ಪ್ರಕಟಿಸಿದ. ಅವನಿಗೆ ಸಿಕ್ಕಿದ್ದು ಸುದ್ದಿಯಲ್ಲ, ಅಲೆ. ಕಣ್ಣು ಮುಚ್ಚಿದರೆ ಏರುವ, ತೆರೆದರೆ ಇಳಿಯುವ ಅಲೆ. ಇಂದು ಯಾವುದೇ ನರರೋಗ ವಿಭಾಗದಲ್ಲಿ ಮೂರ್ಛೆರೋಗಕ್ಕೆ ತೆಗೆಸುವ ಇಇಜಿ ಅದೇ. ನೆತ್ತಿಯ ಮೇಲೆ ಸಿಗುವ ಆ ವಿದ್ಯುತ್ತು ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತಾರು ಪಾಲಿನಷ್ಟು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಏಳುವ ವಿದ್ಯುತ್ತು ಅದನ್ನು ಮುಚ್ಚಿಹಾಕುತ್ತದೆ. ಗೋಡೆಯ ವೈರಿನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟೂ ಅದರೊಳಗೆ ಸೇರಿಕೊಳ್ಳುತ್ತದೆ. ಕೋಟಿಗಟ್ಟಲೆ ನರಕೋಶಗಳ ಒಟ್ಟು ಸದ್ದು, ಬುರುಡೆಯ ಮೂಳೆ ದಾಟಿ, ಮಸುಕಾಗಿ ಹೊರಬರುವಂಥದ್ದು. ಇದರಿಂದ ಒಬ್ಬನ ನೆನಪು, ಆಸೆ, ಗುಟ್ಟುಗಳನ್ನು ಓದುತ್ತೇನೆ ಎನ್ನುವವರನ್ನು ನಂಬಬಾರದು.

ಹಾಗಾದರೆ ಬಿಸಿಐ ಹೇಗೆ ಕೆಲಸ ಮಾಡುತ್ತದೆ? ಬಳಸುವವನು ತಾನಾಗಿ ಏರಿಸಿ ಇಳಿಸಬಲ್ಲ ಒಂದು ಸಂಕೇತವನ್ನು ಹುಡುಕಿ, ಅದಕ್ಕೆ ಒಂದು ಕೆಲಸವನ್ನು ಜೋಡಿಸುವುದೇ ಅದರ ತಂತ್ರ. ಬಲಗೈ ಮುಷ್ಟಿ ಕಟ್ಟಿದಂತೆ ಕಲ್ಪಿಸಿಕೊಂಡರೆ ಎಡ ಮಿದುಳಿನ ಚಲನಭಾಗದ ಮೇಲಿನ ಒಂದು ಅಲೆ, ಸೆಕೆಂಡಿಗೆ ಎಂಟರಿಂದ ಹದಿಮೂರು ಸಲ ಏರಿಳಿಯುವಂಥದ್ದು, ಕುಗ್ಗುತ್ತದೆ. ಕುಗ್ಗಿದರೆ ಕರ್ಸರ್ ಬಲಕ್ಕೆ ಸರಿಯಲಿ ಎಂದು ಕಂಪ್ಯೂಟರಿಗೆ ಹೇಳಿಕೊಡಬಹುದು. ಇದನ್ನು ಕಲಿಯಲು ದಿನಗಳು, ಕೆಲವರಿಗೆ ವಾರಗಳು ಬೇಕು. ಕಲಿಯಹೊರಟ ಎಲ್ಲರಿಗೂ ಇದು ಒಲಿಯುವುದಿಲ್ಲ. ನೂರರಲ್ಲಿ ಹದಿನೈದರಿಂದ ಮೂವತ್ತು ಮಂದಿಗೆ ಈ ನೆತ್ತಿಯ ವಿಧಾನದಲ್ಲಿ ಹಿಡಿತ ಸಿಗುವುದೇ ಇಲ್ಲ ಎಂಬುದು ಈ ಕ್ಷೇತ್ರದವರೇ ಒಪ್ಪುವ ಲೆಕ್ಕ.

ಮಿದುಳಿನೊಳಗೇ ಎಲೆಕ್ಟ್ರೋಡ್ ಇಳಿಸಿದರೂ ಕತೆ ಬೇರೆಯಾಗುವುದಿಲ್ಲ. 2004ರಲ್ಲಿ ಮ್ಯಾಥ್ಯೂ ನೇಗಲ್ ಎಂಬ ಯುವಕನಿಗೆ ಬ್ರೈನ್‌ಗೇಟ್ ತಂಡ ನಾಲ್ಕು ಮಿಲಿಮೀಟರ್ ಚೌಕದ, 96 ಎಲೆಕ್ಟ್ರೋಡ್‌ಗಳ ತಟ್ಟೆಯೊಂದನ್ನು ಚಲನಭಾಗದಲ್ಲಿ ಕೂರಿಸಿತು. ಮೊದಲ ಹಂತದಲ್ಲಿ ಕರ್ಸರ್ ಓಡಿಸುವವರು ತಂತ್ರಜ್ಞರು. ನೇಗಲ್ ಅದನ್ನು ನೋಡುತ್ತ, ತನ್ನ ಕೈಯೇ ಅದನ್ನು ಓಡಿಸುತ್ತಿದೆ ಎಂದು ಮನಸ್ಸಿನಲ್ಲಿ ಕೈ ಆಡಿಸಬೇಕು. ಆ ಹೊತ್ತಿನಲ್ಲಿ ಯಾವ ನರಕೋಶ ಎಷ್ಟು ಸಲ ಮಿಡಿಯಿತು ಎಂಬುದನ್ನು ಕಂಪ್ಯೂಟರ್ ಬರೆದುಕೊಂಡು, ಆಮೇಲೆ ಅದೇ ಲೆಕ್ಕ ಹಿಡಿದು ಕರ್ಸರನ್ನು ಅವನ ಕೈಗೆ ಒಪ್ಪಿಸುತ್ತದೆ. ನರಕೋಶಗಳ ಮಿಡಿತ ದಿನದಿಂದ ದಿನಕ್ಕೆ ಬದಲಾಗುವುದರಿಂದ ಈ ಪಾಠವನ್ನು ಮತ್ತೆ ಮತ್ತೆ ಒಪ್ಪಿಸಬೇಕಿತ್ತು. ನೇಗಲ್ ಇಮೇಲ್ ತೆರೆದ, ಟೀವಿಯ ಚಾನೆಲ್ ಬದಲಿಸಿದ. ಅವನ ಮನಸ್ಸಿನ ಒಂದು ಗುಟ್ಟೂ ಹೊರಬೀಳಲಿಲ್ಲ. ಅಲ್ಲಿ ಹೊರಬಂದದ್ದು ಕೈ ಆಡಿಸಬೇಕೆಂಬ ಅವನ ಪ್ರಯತ್ನ, ಅದೊಂದೇ.

ಮಾತಿನ ಬಿಸಿಐಯೂ ಹೀಗೆಯೇ. ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಮಾತು ಕಳೆದುಕೊಂಡ ಕೇಸಿ ಹ್ಯಾರೆಲ್ ಎಂಬಾತನ ಮಿದುಳಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ 256 ಎಲೆಕ್ಟ್ರೋಡ್ ಕೂರಿಸಿ, 2024ರ ಆಗಸ್ಟ್‌ನಲ್ಲಿ ವರದಿ ಪ್ರಕಟಿಸಿತು. 1,25,000 ಪದಗಳ ಕೋಶದಲ್ಲಿ ನೂರಕ್ಕೆ ತೊಂಬತ್ತೇಳರಷ್ಟು ಸರಿಯಾದ ಮಾತು ಹೊರಬಂತು. ಇದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹ್ಯಾರೆಲ್ ಪ್ರತಿ ಪದಕ್ಕೂ ತುಟಿ, ನಾಲಿಗೆ, ಗಂಟಲನ್ನು ಆಡಿಸಲು ನಿಜವಾಗಿ ಯತ್ನಿಸಬೇಕು. ಯಂತ್ರಕ್ಕೆ ಸಿಗುವುದು ಆ ಸ್ನಾಯುಗಳಿಗೆ ಮಿದುಳು ಹೊರಡಿಸಿದ, ಅವುಗಳವರೆಗೆ ತಲುಪದ ಆಜ್ಞೆ.

ಇದಕ್ಕೆ ಎದುರು ಹೇಳಬಲ್ಲ ಬಲವಾದ ಸಾಕ್ಷ್ಯ ಒಂದಿದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡ ‘ಸೆಲ್’ ಪತ್ರಿಕೆಯಲ್ಲಿ, ಬಾಯಿ ಆಡಿಸಲು ಯತ್ನಿಸದೆ ಮನಸ್ಸಿನಲ್ಲೇ ಅಂದುಕೊಂಡ ವಾಕ್ಯಗಳನ್ನೂ ಒಂದು ಮಟ್ಟಿಗೆ ಹಿಡಿಯಬಹುದು ಎಂದು ತೋರಿಸಿತು. ಹೆಚ್ಚೆಂದರೆ ನೂರಕ್ಕೆ ಎಪ್ಪತ್ತನಾಲ್ಕು ಸರಿ. ಆದರೆ ಅದರಲ್ಲಿ ಭಾಗವಹಿಸಿದವರು ನಾಲ್ವರು, ಎಲ್ಲರೂ ಮೊದಲೇ ಎಲೆಕ್ಟ್ರೋಡ್ ಕೂರಿಸಿಕೊಂಡು ಪಳಗಿದವರು. ಮನಸ್ಸಿನಲ್ಲಿ ಹೇಳಿಕೊಂಡದ್ದು ಪರದೆಯ ಮೇಲೆ ತೋರಿಸಿದ ವಾಕ್ಯಗಳನ್ನು. ಮನಬಂದಂತೆ ಯೋಚಿಸಿ ಎಂದಾಗ ಹೊರಬಂದದ್ದಕ್ಕೆ ಅರ್ಥವಿರಲಿಲ್ಲ. ಅದೇ ತಂಡ ಮನಸ್ಸಿನೊಳಗೆ ಒಂದು ಗುರುತಿನ ಪದ ಅಂದುಕೊಳ್ಳುವವರೆಗೆ ಯಂತ್ರ ಬೀಗ ಹಾಕಿಕೊಂಡಿರುವ ಏರ್ಪಾಟನ್ನೂ ಮಾಡಿತು. ಬೀಗದ ಕೈ ರೋಗಿಯ ಹತ್ತಿರ ಇರಬೇಕು ಎಂಬುದನ್ನು ವಿಜ್ಞಾನಿಗಳೇ ಮೊದಲು ಯೋಚಿಸಿದ್ದು ನನಗೆ ಸಮಾಧಾನ ತಂದ ಸಂಗತಿ.

ಮನಸ್ಸು ಓದುವ ಯಂತ್ರ ಎಂಬ ಮಾತು ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದು ಮನುಷ್ಯರನ್ನು ಜೈಲಿಗೆ ಕಳಿಸಿದೆ. ಆ ಕತೆ ನಮ್ಮ ರಾಜ್ಯಕ್ಕೆ ಹತ್ತಿರದ್ದು.

1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನುಯೆಲ್ ಡಾಂಚಿನ್ ಮಾತು, ಚಲನೆ ಎರಡೂ ಇಲ್ಲದವರಿಗಾಗಿ ಒಂದು ಅಕ್ಷರ ಮಣೆ ಮಾಡಿದರು. ಪರದೆಯಲ್ಲಿ ಆರು ಸಾಲು, ಆರು ಕಂಬ, ಮೂವತ್ತಾರು ಮನೆ. ಸಾಲುಗಳೂ ಕಂಬಗಳೂ ಒಂದಾದ ಮೇಲೊಂದು ಮಿಂಚುತ್ತವೆ. ಬೇಕಾದ ಅಕ್ಷರದ ಮೇಲೆ ಕಣ್ಣು ನೆಟ್ಟವನು ಅದು ಎಷ್ಟು ಸಲ ಮಿಂಚಿತು ಎಂದು ಮನಸ್ಸಿನಲ್ಲೇ ಎಣಿಸುತ್ತಾನೆ. ಕಾಯುತ್ತಿದ್ದದ್ದು ಮಿಂಚಿದ ಸುಮಾರು 300 ಮಿಲಿಸೆಕೆಂಡಿಗೆ ಅವನ ಇಇಜಿಯಲ್ಲಿ ಪುಟ್ಟದೊಂದು ಉಬ್ಬು ಏಳುತ್ತದೆ. ಪಿ300 ಎಂದು ಅದರ ಹೆಸರು. ಯಾವ ಸಾಲಿಗೆ, ಯಾವ ಕಂಬಕ್ಕೆ ಉಬ್ಬು ಎದ್ದಿತೋ ಅವು ಕೂಡುವ ಮನೆಯಲ್ಲಿ ಅವನ ಅಕ್ಷರವಿದೆ. ಒಂದು ಸಲದ ಉಬ್ಬನ್ನು ನಂಬುವಂತಿಲ್ಲವಾದ್ದರಿಂದ ಹಲವು ಸುತ್ತು ಮಿಂಚಿಸಬೇಕು. ವೇಗ ನಿಮಿಷಕ್ಕೆ 2.3 ಅಕ್ಷರ. ಎಣಿಸುವವನು ಮನಸ್ಸು ಕೊಡದಿದ್ದರೆ ಒಂದಕ್ಷರವೂ ಬರುವುದಿಲ್ಲ.

ಅದೇ ಫಾರ್ವೆಲ್ ಮುಂದೆ ಅದೇ ಉಬ್ಬನ್ನು ಅಪರಾಧ ಪತ್ತೆಗೆ ಒಯ್ದ. ಕೊಲೆಯ ಸ್ಥಳದ ಚಿತ್ರ ತೋರಿಸಿದಾಗ ಉಬ್ಬು ಎದ್ದರೆ ಆ ಸ್ಥಳ ಶಂಕಿತನಿಗೆ ಗೊತ್ತು ಎಂಬುದು ಅವನ ತರ್ಕ. ಭಾರತದಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಬಿಇಒಎಸ್ ಎಂಬ ಬೇರೊಂದು ವಿಧಾನವನ್ನು ರೂಪಿಸಿದರು. ಗಾಂಧಿನಗರದ ವಿಧಿವಿಜ್ಞಾನ ನಿರ್ದೇಶನಾಲಯದಲ್ಲಿ ಅದು ಬಳಕೆಗೆ ಬಂತು. ಶಂಕಿತರ ತಲೆಗೆ ಎಲೆಕ್ಟ್ರೋಡ್ ಟೋಪಿ ತೊಡಿಸಿ ‘ನಾನು ವಿಷ ಕೊಂಡೆ’ ಎಂಬ ಧಾಟಿಯ ವಾಕ್ಯಗಳನ್ನು ಕೇಳಿಸುತ್ತಾರೆ. ಉತ್ತರ ಕೊಡಬೇಕಿಲ್ಲ. ಕೇಳಿ ತಿಳಿದದ್ದನ್ನೂ ಮಾಡಿ ತಿಳಿದದ್ದನ್ನೂ ಮಿದುಳಿನ ಅಲೆಯೇ ಬೇರೆ ಮಾಡಿ ತೋರಿಸುತ್ತದೆ ಎಂಬುದು ಅದರ ಪ್ರತಿಪಾದನೆ. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಒಂದು ಕೊಲೆ ಮೊಕದ್ದಮೆಯಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿ ಹಿಡಿದು ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಜಗತ್ತಿನ ನರವಿಜ್ಞಾನಿಗಳು ಬೆಚ್ಚಿಬಿದ್ದರು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕ ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ, ಇದು ವೈಜ್ಞಾನಿಕವಲ್ಲ, ತನಿಖೆಗೂ ಸಾಕ್ಷ್ಯಕ್ಕೂ ಇದನ್ನು ಬಳಸುವುದನ್ನು ನಿಲ್ಲಿಸಬೇಕು ಎಂದು ಹೇಳಿತು.

ಆ ಪರೀಕ್ಷೆ ಎಡವುವ ಜಾಗವನ್ನು ಕಾಣಲು ತಜ್ಞರಾಗಬೇಕಿಲ್ಲ. ಠಾಣೆಯಲ್ಲಿ ದಿನಗಟ್ಟಲೆ ವಿಚಾರಣೆಗೆ ಒಳಗಾದವರಿಗೆ ಘಟನೆಯ ಪ್ರತಿ ವಿವರವೂ ಕೇಳಿ ಕೇಳಿ ಪರಿಚಯವಾಗಿರುತ್ತದೆ. ಅದನ್ನು ಮತ್ತೆ ಕೇಳಿದಾಗ ಮಿದುಳು ಮಿಸುಕಿದರೆ ಅದು ಅಪರಾಧವೋ, ಭಯವೋ, ಬರೀ ನೆನಪೋ? ಅಲೆ ಹೇಳುವುದಿಲ್ಲ.

2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಈ ಗೊಂದಲಕ್ಕೆ ತೆರೆ ಎಳೆಯಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಅಲೆಯ ಪರೀಕ್ಷೆ, ಮೂರನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ; ಮಾಡಿದರೆ ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಚಿಲಿ ದೇಶ ಮಿದುಳಿನ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದ್ದು 2021ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲೇ ಕರ್ನಾಟಕದಿಂದ ಹೋದ ಮೇಲ್ಮನವಿಯೊಂದು ಇಡೀ ದೇಶದವರ ತಲೆಗೆ ಕಾವಲು ಕಟ್ಟಿಕೊಟ್ಟಿತು. ನಮ್ಮ ಪತ್ರಿಕೆಗಳು ಚಿಪ್ಪಿನ ಸುದ್ದಿಯ ಜೊತೆಗೆ ಈ ತೀರ್ಪನ್ನು ನೆನೆಯಬೇಕು. ಕಡೂರಿನಲ್ಲೇ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿ ಕಲಿತು ಠಾಣೆಗೆ ಹೋಗುವ ಪ್ರತಿಯೊಬ್ಬರಿಗೂ ಸೆಲ್ವಿ ತೀರ್ಪು ಬಾಯಿಪಾಠ ಆಗಿರಬೇಕು. ಒಂದೇ ಉಬ್ಬು, ಒಪ್ಪಿ ಎಣಿಸಿದವನಿಗೆ ಅಕ್ಷರ ಕೊಟ್ಟಿತು, ಕಟ್ಟಿ ಕೂರಿಸಿದವರಿಗೆ ಶಿಕ್ಷೆ ಕೊಡಿಸಲು ಬಳಕೆಯಾಗಹೊರಟಿತು. ಬಿಸಿಐಯ ನೀತಿಯೆಲ್ಲ ಈ ಒಪ್ಪಿಗೆಯ ಮೇಲೆ ನಿಂತಿದೆ.

ಇನ್ನು ಎರಡನೆಯ ಮಾತು: ಇದು ನಮ್ಮೂರಿಗಲ್ಲ ಎಂಬುದು.

ನರಕ್ಕೂ ಯಂತ್ರಕ್ಕೂ ಕೊಂಡಿ ಹಾಕುವ ಒಂದು ಸಾಧನ ನಮ್ಮ ಜಿಲ್ಲೆಗಳಿಗೆ ಬಂದು ವರ್ಷಗಳಾದವು. ಅದನ್ನು ಬಿಸಿಐಯ ಸಂಬಂಧಿ ಎಂದು ಯಾರೂ ಗುರುತಿಸಲಿಲ್ಲ ಅಷ್ಟೆ. ಅದು ಕಾಕ್ಲಿಯರ್ ಇಂಪ್ಲಾಂಟ್. ಹುಟ್ಟು ಕಿವುಡಿರುವ ಮಗುವಿನ ಒಳಗಿವಿಯ ಸುರುಳಿಗೆ ಇಪ್ಪತ್ತೆರಡರ ಆಸುಪಾಸಿನ ಎಲೆಕ್ಟ್ರೋಡ್‌ಗಳ ಸಣ್ಣ ತಂತಿಯನ್ನು ಸೇರಿಸುತ್ತಾರೆ. ಕಿವಿಯ ಹಿಂದೆ ಕೂರುವ ಯಂತ್ರ ಸದ್ದನ್ನು ವಿದ್ಯುತ್ತಾಗಿಸಿ ಶ್ರವಣನರಕ್ಕೆ ಮುಟ್ಟಿಸುತ್ತದೆ. ಬಿಸಿಐ ಮಿದುಳಿನ ಸಂಕೇತವನ್ನು ಹೊರಕ್ಕೆ ತಂದರೆ, ಇದು ಹೊರಗಿನ ಸಂಕೇತವನ್ನು ಒಳಕ್ಕೆ ಒಯ್ಯುತ್ತದೆ. ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಬಡವರ ಮಕ್ಕಳಿಗೆ ಇದು ಉಚಿತವಾಗಿ ಸಿಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ.

ಶಸ್ತ್ರಚಿಕಿತ್ಸೆ ಮುಗಿದ ಕೆಲವು ವಾರಗಳ ಮೇಲೆ ಯಂತ್ರ ಚಾಲೂ ಮಾಡುತ್ತಾರೆ. ಆಗ ಮಗುವಿಗೆ ಕೇಳುವುದು ಅಮ್ಮನ ದನಿಯಲ್ಲ, ಅರ್ಥವಿಲ್ಲದ ಸದ್ದು. ಬೆಚ್ಚಿ ಅಳುವ ಮಕ್ಕಳೂ ಇದ್ದಾರೆ. ಆ ಸದ್ದಿನಲ್ಲಿ ಬಾಗಿಲು ತಟ್ಟಿದ್ದು ಯಾವುದು, ‘ಬಾ’ ಎಂದದ್ದು ಯಾವುದು, ‘ಪಾ’ ಎಂದದ್ದು ಯಾವುದು ಎಂದು ವಿಂಗಡಿಸಲು ವರ್ಷಗಟ್ಟಲೆ ಥೆರಪಿ ಬೇಕು. ಎಲೆಕ್ಟ್ರೋಡ್‌ಗಳ ಕರೆಂಟನ್ನು ಆಗಾಗ ಹೊಂದಿಸಬೇಕು. ಮನೆಯಲ್ಲಿ ದಿನವಿಡೀ ಮಗುವಿನ ಜೊತೆ ಮಾತಾಡುತ್ತಲೇ ಇರುವವರು ಬೇಕು. ಅಜ್ಜಂಪುರದಿಂದ ಮೈಸೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಬೀರೂರಿಗೆ ಬಂದು, ಶಿವಮೊಗ್ಗದಿಂದ ಬರುವ ರೈಲು ಹತ್ತಿ, ಅರಸೀಕೆರೆ ದಾಟಿ ಹೋಗಬೇಕು. ಥೆರಪಿಗೆಂದು ಪದೇ ಪದೇ ಹೀಗೆ ಹೋಗಲು ಕೂಲಿ ಮಾಡುವ ತಾಯಿಗೆ ಆಗುತ್ತದೆಯೇ? ಆಗದಿದ್ದರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಪೆಟ್ಟಿಗೆ ಸೇರುತ್ತದೆ. ಇಂಪ್ಲಾಂಟಿನ ಗೆಲುವು ಸೋಲು ತೀರ್ಮಾನವಾಗುವುದು ಆಪರೇಷನ್ ಥಿಯೇಟರಿನ ಆಚೆ. ಇನ್ನು ಬರಲಿರುವ ಬಿಸಿಐಗಳಿಗೂ ಇದೇ ಕತೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಯಾರಿಗೆ ಬೇಕು ಬಿಸಿಐ ಇಲ್ಲಿ? ತರೀಕೆರೆ, ಲಿಂಗದಹಳ್ಳಿ ಕಡೆ ಅಡಿಕೆ. ಕಡೂರು ಬಯಲಿನಲ್ಲಿ ತೆಂಗು. ಈಗ ಕಾರ್ಬನ್ ಫೈಬರ್ ದೋಟಿ ಬಂದು ಕೊನೆ ತೆಗೆಯುವವರ ಅಪಾಯ ಸ್ವಲ್ಪ ತಗ್ಗಿದೆ, ಆದರೂ ಮರ ಹತ್ತುವುದು ನಿಂತಿಲ್ಲ. ಮರದಿಂದ ಬಿದ್ದವನ ಬೆನ್ನುಹುರಿಗೆ ಏಟಾದರೆ ಮುಂದಿನ ನಿಮಿಷಗಳಲ್ಲಿ ನಾವು ಮಾಡುವುದು ಅವನ ಇಡೀ ಬದುಕನ್ನು ನಿರ್ಧರಿಸುತ್ತದೆ. ತೋಳು, ಕಾಲು ಹಿಡಿದು ಮಡಚಿ ಎತ್ತಿ ಆಟೋಗೆ ಹಾಕಿದರೆ ಅರೆ ಉಳಿದಿದ್ದ ನರವೂ ಹರಿಯಬಹುದು. ಬಿದ್ದಲ್ಲೇ ಬಿಟ್ಟು, ಕತ್ತು ಅಲುಗದಂತೆ ಹಿಡಿದು 108 ಆಂಬ್ಯುಲೆನ್ಸಿಗೆ ಕಾಯಬೇಕು. ಆಮೇಲಿನ ವರ್ಷಗಳಲ್ಲಿ ಅವನ ಜೀವ ತೆಗೆಯುವುದು ಹೆಚ್ಚಾಗಿ ಬೆನ್ನುಹುರಿಯಲ್ಲ; ಮಗ್ಗುಲು ಬದಲಿಸದೆ ಆದ ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕು. ಹುಣ್ಣು ಬೆಳೆದು ಜ್ವರದಲ್ಲಿ ಮಲಗಿದವನಿಗೆ ಸಾವಿರ ಎಲೆಕ್ಟ್ರೋಡ್‌ಗಳ ಚಿಪ್ಪೂ ಕೆಲಸಕ್ಕೆ ಬಾರದು.

ಲಕ್ವದ ವಿಷಯವೂ ಹಾಗೆಯೇ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ನಾಲ್ಕೂವರೆ ಗಂಟೆಯೊಳಗೆ ಸಿಟಿ ಸ್ಕ್ಯಾನ್ ಆಗಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗಬೇಕು. ನಾಟಿ ಔಷಧಿಗೆಂದು ಎರಡು ದಿನ ಓಡಾಡಿದರೆ ಆ ಹೊತ್ತು ಮೀರಿಹೋಗುತ್ತದೆ. ಮೀರಿದ ಮೇಲೆ ಹೆಚ್ಚಾಗಿ ಉಳಿಯುವುದು ವ್ಯಾಯಾಮ. ಇಲ್ಲಿ ಬಿಸಿಐ ನಿಜವಾಗಿ ನೆರವಿಗೆ ಬರಬಲ್ಲದು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟ ಇಪ್ಸಿಹ್ಯಾಂಡ್ ಎಂಬ ಸಾಧನಕ್ಕೆ ಬುರುಡೆ ಕೊರೆಯಬೇಕಿಲ್ಲ. ತಲೆಗೆ ಇಇಜಿ ಪಟ್ಟಿ, ಕೈಗೆ ಮೋಟಾರಿನ ಕವಚ. ಕೈ ಬಿಚ್ಚಬೇಕು ಎಂದು ರೋಗಿ ಯತ್ನಿಸಿದಾಗ ಏಟು ಬೀಳದ ಅರ್ಧ ಮಿದುಳಿನಲ್ಲೂ ಅದರ ಸಂಕೇತ ಏಳುತ್ತದೆ. ಪಟ್ಟಿ ಅದನ್ನು ಹಿಡಿದ ಕ್ಷಣಕ್ಕೇ ಕವಚ ಬೆರಳು ಬಿಚ್ಚುತ್ತದೆ. ಯತ್ನವೂ ಸ್ಪರ್ಶವೂ ಹೀಗೆ ಒಟ್ಟೊಟ್ಟಿಗೆ ಬಂದರೆ ಮಿದುಳು ಹೊಸ ದಾರಿ ಹಾಕಿಕೊಳ್ಳುತ್ತದೆ. ಮನೆಯಲ್ಲಿ ಕೂತು ಹನ್ನೆರಡು ವಾರ ಮಾಡಿದ ಅಭ್ಯಾಸದಿಂದ ಅದರ ಪರೀಕ್ಷೆ ನಡೆಯಿತು. ಕಾನ್ಪುರದ ಐಐಟಿಯಲ್ಲಿ ಆಶಿಷ್ ದತ್ತ ಅವರ ತಂಡವೂ ಇದೇ ಬಗೆಯ ಕೈಕವಚ ರೂಪಿಸಿದೆ. ಇಂಥದ್ದು ಅಗ್ಗವಾಗಿ ತಾಲ್ಲೂಕು ಆಸ್ಪತ್ರೆಗೆ ಬಂದರೆ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸುವವರು ಯಾರು ಎಂಬುದು ನನ್ನ ಪ್ರಶ್ನೆ.

ಉತ್ತರದ ಅರ್ಧ ನಮ್ಮಲ್ಲಿ ಈಗಾಗಲೇ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದೇ ಎಲ್ಲರೂ ಕರೆಯುವುದು. ಗ್ರಾಮೀಣ ಕಾರ್ಯಕರ್ತರು ಸ್ವತಃ ಅಂಗವಿಕಲರು, ಗೌರವಧನಕ್ಕೆ ದುಡಿಯುವವರು. ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಪಿಂಚಣಿ ಅರ್ಜಿಗಳಲ್ಲೇ ಅವರ ದಿನ ಕಳೆದುಹೋಗುತ್ತದೆ. ಯಾವ ಮನೆಯಲ್ಲಿ ಯಾರು ಮಲಗಿದಲ್ಲೇ ಇದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೆಂಗಳೂರಿನ ಯಾವ ಸಂಶೋಧಕನಿಗೂ ಗೊತ್ತಿಲ್ಲ. ಇವರಿಗೆ ಅಕ್ಷರ ಮಣೆ ಹಿಡಿಯುವುದು, ಸ್ವಿಚ್ ಜೋಡಿಸುವುದು, ಹುಣ್ಣು ತಡೆಯುವುದು ಕಲಿಸಿ, ತಕ್ಕ ಸಂಬಳ ಕೊಟ್ಟರೆ ಬಿಸಿಐ ಬರುವ ದಾರಿಯ ಅರ್ಧ ಸವೆದಂತೆ.

ಮಣೆ, ಸ್ವಿಚ್ಚು ಎಂದದ್ದು ಬಾಯಿಮಾತಿಗಲ್ಲ. ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಮಾತಾಡಿದ್ದು ಮಿದುಳಿನ ಚಿಪ್ಪಿನಿಂದಲ್ಲ, ಕೆನ್ನೆಯ ಒಂದು ಸ್ನಾಯುವಿನಿಂದ. ಅದು ಮಿಸುಕಿದ್ದನ್ನು ಕನ್ನಡಕಕ್ಕೆ ಸಿಕ್ಕಿಸಿದ ಸೆನ್ಸರ್ ಹಿಡಿಯುತ್ತಿತ್ತು; ಅದೇ ಅವರ ಸ್ವಿಚ್ಚು. ಆ ಮಿಸುಕನ್ನು ಅಕ್ಷರವಾಗಿಸುತ್ತಿದ್ದ ತಂತ್ರಾಂಶವನ್ನು ಇಂಟೆಲ್ ಕಂಪನಿ 2015ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಕಣ್ಣು, ರೆಪ್ಪೆ, ಹುಬ್ಬು, ಒಂದು ಬೆರಳು, ಯಾವುದೇ ಒಂದು ಉಳಿದಿದ್ದರೂ ಅದೇ ಸಾಕು. ಕಡಿಮೆ ಖರ್ಚು, ಅಪಾಯವಿಲ್ಲ. ಏನೂ ಉಳಿಯದವರಿಗೆ ಬಿಸಿಐ. ಅಂಥವರಲ್ಲೂ ಅದು ಸುಲಭವಲ್ಲ: ಪೂರ್ತಿ ನಿಶ್ಚಲರಾದ ರೋಗಿಗಳ ಹೌದು-ಅಲ್ಲಗಳನ್ನು ಮಿದುಳಿನ ರಕ್ತಸಂಚಾರದಿಂದ ತಿಳಿದೆವು ಎಂದು 2017ರಲ್ಲಿ ಜರ್ಮನಿಯ ಹೆಸರಾಂತ ತಂಡವೊಂದು ಬರೆದ ಪ್ರಬಂಧವನ್ನು ವಿಚಾರಣೆಯ ನಂತರ 2019ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು.

ಹಾಗಿದ್ದರೆ ಅಕ್ಷರ ಮಣೆ ಯಾವ ಅಕ್ಷರದ್ದು? ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ. ಫಾರ್ವೆಲ್ ಮಣೆಯ ಮೂವತ್ತಾರು ಮನೆಗಳು ಇಪ್ಪತ್ತಾರು ಅಕ್ಷರದ ಭಾಷೆಗೆ ಮಾಡಿದ್ದು. ನಮ್ಮ ವರ್ಣಮಾಲೆ ನಲವತ್ತೊಂಬತ್ತರದು. ಕೆ.ಪಿ. ರಾವ್ ಅವರು ಕನ್ನಡ ಕೀಲಿಮಣೆಗೆ ಹಾಕಿಕೊಟ್ಟ ದಾರಿಯಲ್ಲೇ ಹೋಗಿ, ಸ್ವರದ ಮನೆಯನ್ನೇ ಕಾಗುಣಿತಕ್ಕೂ ಬಳಸಿದರೆ, ಒತ್ತಿಗೆ ಒಂದು, ಬಿಡುವಿಗೆ ಒಂದು, ಅಳಿಸಲು ಒಂದು, ಮನೆಯವರನ್ನು ಕೂಗಲು ಒಂದು ಸೇರಿಸಿ ಏಳು ಸಾಲು, ಎಂಟು ಕಂಬದಲ್ಲಿ ಎಲ್ಲ ಹಿಡಿಯುತ್ತದೆ. ಸುತ್ತಿಗೆ ಹನ್ನೆರಡು ಮಿಂಚಿನ ಬದಲು ಹದಿನೈದು. ಅಂದರೆ ಕಾಲು ಭಾಗ ನಿಧಾನ. ‘ನೀರು’ ಎನ್ನಲು ನಾಲ್ಕು ಆಯ್ಕೆ ಬೇಕು. ಹಳೆಯ ವೇಗದಲ್ಲೇ ಒಂದೂಮುಕ್ಕಾಲು ನಿಮಿಷ. ಬಾಯಾರಿದವನಿಗೆ ಅದು ದೀರ್ಘ ಹೊತ್ತು. ಆದ್ದರಿಂದ ಮಣೆಯ ಮೇಲ್ತುದಿಗೆ ಇನ್ನೊಂದು ಸಾಲು ಸೇರಿಸಿ, ಅದರಲ್ಲಿ ನೀರು, ನೋವು, ಮಗ್ಗುಲು, ಉಸಿರು, ಬೇಡ ಎಂಬ ಇಡೀ ಪದಗಳನ್ನು ಕೂರಿಸಬೇಕು. ಕಲಿತ ಭಾಷೆಯಲ್ಲಿ ಯಾರೂ ನರಳುವುದಿಲ್ಲ. ಇಂಗ್ಲಿಷ್ ಮಣೆಯನ್ನು ತಂದು ಕೊಟ್ಟರೆ ತರೀಕೆರೆಯ ಅಜ್ಜಿಯೊಬ್ಬರಿಗೆ ಏನೂ ಕೊಡದಂತೆಯೇ.

ಮಾತಿನ ಬಿಸಿಐಯಲ್ಲಿ ಕನ್ನಡಕ್ಕೆ ಒಂದು ಅನುಕೂಲ, ಒಂದು ತೊಡಕು. ಆ ಯಂತ್ರಗಳು ಮೊದಲು ಹಿಡಿಯುವುದು ಧ್ವನಿಗಳನ್ನು. ಇಂಗ್ಲಿಷಿನಲ್ಲಿ ಧ್ವನಿಗೂ ಕಾಗುಣಿತಕ್ಕೂ ತಾಳೆಯಿಲ್ಲದ್ದರಿಂದ ನಡುವೆ ದೊಡ್ಡ ಕೋಶ ಬೇಕು. ನಾವು ಬಹುಮಟ್ಟಿಗೆ ಆಡಿದಂತೆ ಬರೆಯುವವರು, ಅದು ಅನುಕೂಲ. ತೊಡಕೆಂದರೆ ನಮ್ಮ ಪದಗಳು ಬಾಲ ಬೆಳೆಸುತ್ತಲೇ ಹೋಗುತ್ತವೆ. ಬಂದ, ಬಂದಿದ್ದ, ಬಂದಿದ್ದನಂತೆ, ಬಂದಿದ್ದನಂತಲ್ಲ. 1,25,000 ಪದಗಳ ಕೋಶ ಇಂಗ್ಲಿಷಿಗೆ ಸಾಕಾದಂತೆ ಕನ್ನಡಕ್ಕೆ ಸಾಲದು. ಜೊತೆಗೆ ಕಡೂರಿನ ಆಡುಮಾತು ಪುಸ್ತಕದ ಕನ್ನಡವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಮನಸ್ಸಿನಲ್ಲಿ ಅಂದುಕೊಂಡ ಮಾತನ್ನು ಇಇಜಿಯಿಂದ ಗುರುತಿಸುವ ಬಗ್ಗೆಯೂ ಕನ್ನಡ ಪಠ್ಯವನ್ನು ದನಿಯಾಗಿಸುವ ಬಗ್ಗೆಯೂ ಕೆಲಸ ಮಾಡಿದೆ. ಅಲ್ಲಿಯ ಪ್ರಶಾಂತ ಕುಮಾರ್ ಘೋಷ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ಮೋಟಾರ್ ನ್ಯೂರಾನ್ ಕಾಯಿಲೆಯವರ ಮಾತನ್ನು ಅಭ್ಯಸಿಸಿದೆ. ಕನ್ನಡದ ಬಿಸಿಐ ಹುಟ್ಟುವುದಿದ್ದರೆ ಇಂಥ ಕಡೆಯಿಂದಲೇ. ಅದಕ್ಕೆ ಬೇಕಾದ ಮಾತಿನ ದಾಖಲೆ ಮಾತ್ರ ನಮ್ಮಂಥ ಊರುಗಳಿಂದ ಹೋಗಬೇಕು.

ಕಂಪನಿಗಳು ಮುಂದೊಂದು ದಿನ ಪ್ರಯೋಗಕ್ಕೆಂದು ಇಲ್ಲಿಗೂ ಬಂದಾವು. ಆಗ ಕೇಳಬೇಕಾದ ಮೊದಲ ಪ್ರಶ್ನೆ ಕೆಟ್ಟರೆ ಯಾರು ನೋಡುತ್ತೀರಿ ಎಂಬುದು. ಕೊಳವೆಬಾವಿಗೆ ಇಳಿಸಿದ ಮೋಟಾರು ಸುಟ್ಟರೆ ಮೇಲೆತ್ತಿ ರಿವೈಂಡಿಂಗ್‌ಗೆ ಕೊಡಬಹುದು. ಮಿದುಳಿಗೆ ಇಳಿಸಿದ್ದಕ್ಕೆ ಆ ಸೌಕರ್ಯವಿಲ್ಲ. ಆರ್ಬಾ ಮಿದುಳಿಗೆ ಹಾಕಿದ ಎಲೆಕ್ಟ್ರೋಡ್ ಎಳೆಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಜಾಗ ಬಿಟ್ಟವು. ಕಂಪನಿ ತಂತ್ರಾಂಶ ಬದಲಿಸಿ ಸುಧಾರಿಸಿತು. ಕುರುಡರ ಕಣ್ಣಿಗೆ ಆರ್ಗಸ್ ಎಂಬ ಎಲೆಕ್ಟ್ರೋಡ್ ಕೂರಿಸಿದ ಸೆಕೆಂಡ್ ಸೈಟ್ ಕಂಪನಿ ಹಣವಿಲ್ಲದೆ ಆ ಸಾಧನವನ್ನು ಕೈಬಿಟ್ಟಾಗ 350ಕ್ಕೂ ಹೆಚ್ಚು ಮಂದಿ ರಿಪೇರಿ ಮಾಡುವವರೇ ಇಲ್ಲದ ಯಂತ್ರವನ್ನು ಕಣ್ಣಿನಲ್ಲಿ ಹೊತ್ತು ಉಳಿದರು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿ ಹೇಳಿ ಅರ್ಥ ಮಾಡಿಸಬೇಕು. ಪ್ರಯೋಗ ಮುಗಿದ ಮೇಲಿನ ಹೊಣೆ ಅದರಲ್ಲಿ ಬರೆದಿರಬೇಕು.

ಇಷ್ಟೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವಿದೆ. ಹ್ಯಾರೆಲ್‌ನ ಯಂತ್ರ ಮಾತಾಡಿದ್ದು ಅವನದೇ ದನಿಯಲ್ಲಿ. ಕಾಯಿಲೆಗೆ ಮುಂಚಿನ ಧ್ವನಿಮುದ್ರಣಗಳಿಂದ ಆ ದನಿಯನ್ನು ಕಟ್ಟಿದ್ದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮೋಟಾರ್ ನ್ಯೂರಾನ್ ಕಾಯಿಲೆ ಎಂದು ವೈದ್ಯರು ಹೇಳಿದ್ದರೆ, ಮಾತು ತೊದಲುವ ಮೊದಲೇ ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ಫ್ಯಾನು ಆರಿಸಿ, ಬಾಗಿಲು ಹಾಕಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿಡಿ. ಪತ್ರಿಕೆ ಓದಿಸಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಮಕ್ಕಳು ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯಿಸಿ, ಅಡಿಕೆ ರೇಟಿನ ಬಗ್ಗೆ ಮಾತಾಡಿಸಿ, ಸಿಟ್ಟು ಬಂದಾಗ ಬೈಯುವಂತೆ ಬೈಯಿಸಿ, ನಗಿಸಿ. ದಿನಕ್ಕೆ ಕಾಲು ಗಂಟೆಯಂತೆ ಮಾಡಿದರೂ ಕೆಲವು ವಾರಗಳಲ್ಲಿ ಹಲವು ಗಂಟೆಗಳ ದನಿ ಕೂಡುತ್ತದೆ. ಮುಗಿದ ಮೇಲೆ ಇನ್ನೊಂದು ಪ್ರತಿಯನ್ನು ಬೇರೆ ಮೊಬೈಲಿಗೆ, ಇಲ್ಲವೇ ಪೆನ್‌ಡ್ರೈವಿಗೆ ಹಾಕಿ, ದಿನಾಂಕ ಬರೆದಿಡಿ.